ಸಹಿ ಹಾಕುವ ಮುನ್ನ

ತುಟಿಯಂಚಿನ ಬಿಳಿ ಮಚ್ಚೆ ಕಾಣದಿರಲೆಂದು ಬಸ್ಸಿನಲ್ಲೂ ದುಪಟ್ಟಾ ಎಳೆದುಕೊಳ್ಳುತ್ತೇನೆ ಎಂದು ನೀವು ಬರೆದದ್ದು ಮನಸ್ಸಿಗೆ ನಾಟಿತು. ತೊನ್ನು ಖಂಡಿತ ಅಂಟುರೋಗವಲ್ಲ; ದೇಹದ ರಕ್ಷಣಾ ಕಣಗಳೇ ಬಣ್ಣ ತಯಾರಿಸುವ ಜೀವಕೋಶಗಳ ಮೇಲೆ ಎರಗುವುದರಿಂದ ಬರುವಂಥದ್ದು. ಆ ದಾಳಿಯನ್ನು ತಗ್ಗಿಸುವ ರುಕ್ಸೊಲಿಟಿನಿಬ್ ಮುಲಾಮಿಗೆ ಅಮೆರಿಕ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಹಾಗಾಗಿ ಹೊಸ ಔಷಧದ ಪ್ರಯೋಗಕ್ಕೆ ಸೇರುವ ನಿಮ್ಮ ಆಸೆಗೆ ಆಧಾರವಿದೆ. ಆದರೆ ತುಟಿ, ಬೆರಳ ತುದಿಗಳಲ್ಲಿ ಬಣ್ಣ ಮರಳುವುದು ಕಷ್ಟ.

ಸೇರುವ ಮುನ್ನ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ, ತೊನ್ನಿನ ಇಂಗ್ಲಿಷ್ ಹೆಸರಾದ ‘ವಿಟಿಲಿಗೊ’ ಎಂದು ಹುಡುಕಿ. ನೋಂದಣಿಯಿಲ್ಲದೆ ಹಣ ಕೇಳುವವರಿಗೆ ದೂರದಿಂದಲೇ ಕೈಮುಗಿಯಿರಿ. ಪ್ರಯೋಗ ನಡೆಸುವ ವೈದ್ಯರು ಈಗಿನ ಔಷಧವನ್ನು ಕೆಲವು ವಾರ ನಿಲ್ಲಿಸಲು ಹೇಳಬಹುದು. ನೀವಾಗಿಯೇ ನಿಲ್ಲಿಸಬೇಡಿ, ಮಚ್ಚೆ ಹರಡೀತು. ನಿಮ್ಮ ಪಾಲಿಗೆ ಬರುವುದು ಮದ್ದಿಲ್ಲದ ಬರೀ ಮುಲಾಮೂ ಆಗಿರಬಹುದು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ, ಮನೆಗೆ ತಂದು ಓದಿ. ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕೆಂದು ಔಷಧ ಪ್ರಯೋಗಗಳ ಕುರಿತ 2019ರ ನಿಯಮವೇ ಹೇಳುತ್ತದೆ.