ಗಣಕಯಂತ್ರದ ಗುಂಡಿ ಬ್ಯಾಟರಿ: ಅದರ ಕೆಲಸವೂ ಬದಲಾಯಿಸುವ ಕ್ರಮವೂ



ಅಡಿಗೆಯ ಒಲೆಯನ್ನೂ ಹೊಲಿಗೆಯ ಯಂತ್ರವನ್ನೂ ಶುಚಿಯಾಗಿಟ್ಟುಕೊಳ್ಳಲು ಕಲಿಸುವುದು ಗೃಹಶಿಕ್ಷಣದ ಭಾಗವಾಗಿರುವಂತೆಯೇ, ಮನೆಯ ಗಣಕಯಂತ್ರದ ಸಣ್ಣ ಆರೈಕೆಯನ್ನು ಕಲಿಸುವುದೂ ಈಗ ಅದರ ಭಾಗವಾಗಿರತಕ್ಕದ್ದು. ನಿಮ್ಮಲ್ಲಿ ಅನೇಕರು ಅಂಗಡಿಯ ಲೆಕ್ಕವನ್ನೋ, ಶಾಲೆಯ ಅಂಕಪಟ್ಟಿಯನ್ನೋ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಬರೆದಿಡುವವರು. ಬೇಸಗೆಯ ರಜೆಯ ತರುವಾಯ ಅದನ್ನು ಹಚ್ಚಿದರೆ ಎಷ್ಟೋ ವರ್ಷಗಳ ಹಿಂದಿನ ತಾರೀಖನ್ನು ತೋರಿಸುವುದುಂಟು. ಅಥವಾ ಕಪ್ಪು ಪರದೆಯ ಮೇಲೆ ಎಚ್ಚರಿಕೆಯ ಒಂದು ಸಾಲನ್ನು ಬರೆದು ನಿಂತುಬಿಡುವುದುಂಟು. ಯಂತ್ರವೇ ಕೆಟ್ಟಿತೆಂದು ತಿಳಿದು ಅದನ್ನು ಮೂಲೆಗಿಡುವವರಿದ್ದಾರೆ. ಬಹುಮಟ್ಟಿಗೆ ಅಲ್ಲಿ ಕೆಟ್ಟಿರುವುದು ಅಲ್ಪ ಬೆಲೆಯ ಒಂದು ಗುಂಡಿ ಬ್ಯಾಟರಿ ಮಾತ್ರ.

ಈ ಬ್ಯಾಟರಿಯ ಕೆಲಸವೇನು? ೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರಡಿಸಿದ ಮೊದಲ ವೈಯಕ್ತಿಕ ಗಣಕದಲ್ಲಿ ಸದಾ ನಡೆಯುವ ಗಡಿಯಾರವಿರಲಿಲ್ಲ. ಹಚ್ಚಿದಾಗಲೆಲ್ಲ ತಾರೀಖನ್ನೂ ವೇಳೆಯನ್ನೂ ನಾವೇ ಬರೆಯಬೇಕಾಗಿತ್ತು. ೧೯೮೪ರ ಎ.ಟಿ. ಎಂಬ ಮಾದರಿಯಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರದ ಚಿಪ್ಪನ್ನು ಇಟ್ಟರು. ಅದರೊಳಗೆ ೬೪ ಬೈಟುಗಳಷ್ಟೇ ನೆನಪು. ಕೆಲವು ಬೈಟುಗಳಲ್ಲಿ ಕಾಲ, ಉಳಿದವುಗಳಲ್ಲಿ ಯಂತ್ರದ ಏರ್ಪಾಟುಗಳು. ಆ ಪದ್ಧತಿಯೇ ಬೆಳೆದು ಇಂದಿನವರೆಗೂ ಬಂದಿದೆ. ಇಂದಿನ ಅನೇಕ ಯಂತ್ರಗಳಲ್ಲಿ ಏರ್ಪಾಟುಗಳು ವಿದ್ಯುತ್ತಿಲ್ಲದೆಯೂ ಉಳಿಯುವುವು. ಆದರೆ ಗಡಿಯಾರಕ್ಕೆ ಬ್ಯಾಟರಿ ಬೇಕೇ ಬೇಕು.

ಆ ಗಡಿಯಾರದ ನಡೆಯಲ್ಲಿ ಚಿಕ್ಕ ಮಕ್ಕಳಿಗೂ ತೋರಿಸಬಹುದಾದ ಒಂದು ಸೊಗಸಾದ ಲೆಕ್ಕವಿದೆ. ಅದರ ಸ್ಫಟಿಕದ ಚೂರು ಒಂದು ಸೆಕೆಂಡಿಗೆ ೩೨,೭೬೮ ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಅರ್ಧ ಮಾಡಿರಿ, ಮತ್ತೆ ಅರ್ಧ ಮಾಡಿರಿ. ಹೀಗೆ ಹದಿನೈದು ಸಲ ಮಾಡಿದರೆ ಸರಿಯಾಗಿ ಒಂದು ಉಳಿಯುವುದು. ಆ ಒಂದೇ ಒಂದು ಸೆಕೆಂಡು.

ಇನ್ನು ಬ್ಯಾಟರಿಯ ಆಯುಸ್ಸು. ಅದರಲ್ಲಿ ಸುಮಾರು ೨೨೦ ಮಿಲಿಆಂಪಿಯರ್-ಗಂಟೆಗಳ ಶಕ್ತಿ ಇರುವುದು. ಗಡಿಯಾರವು ೩ ಮೈಕ್ರೋಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಂಡರೆ ೭೩,೦೦೦ ಗಂಟೆಗಳು, ಎಂದರೆ ಎಂಟು ವರ್ಷಕ್ಕೆ ಮೇಲ್ಪಟ್ಟು ನಡೆಯತಕ್ಕದ್ದು. ಸೆಕೆಯಿಂದಲೂ ಹಳತಾಗುವುದರಿಂದಲೂ ಇದಕ್ಕೆ ಮೊದಲೇ ಮುಗಿಯುವುದುಂಟು. ಗೋಡೆಯ ಸ್ವಿಚ್ಚು ಹಾಕಿರುವಾಗ ಗಡಿಯಾರವು ಮನೆಯ ವಿದ್ಯುತ್ತಿನಿಂದಲೇ ನಡೆಯುತ್ತದೆ; ಸ್ವಿಚ್ಚು ಆರಿಸಿದಾಗ ಮಾತ್ರ ಬ್ಯಾಟರಿಯನ್ನು ತಿನ್ನುತ್ತದೆ. ರಜೆಯಲ್ಲಿ ತಿಂಗಳುಗಟ್ಟಲೆ ಆರಿಸಿಟ್ಟ ಶಾಲೆಯ ಯಂತ್ರಗಳಲ್ಲಿ ಈ ಕೊರತೆ ಬೇಗ ಕಾಣುವುದು ಇದೇ ಕಾರಣದಿಂದ.

ತಾರೀಖು ತಪ್ಪಿದರೆ ಹಾನಿಯೇನೆಂದು ಕೆಲವರು ಕೇಳಬಹುದು. ಬ್ಯಾಂಕಿನ ಅಥವಾ ವಿದ್ಯಾರ್ಥಿವೇತನದ ಜಾಲಪುಟಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯುಳ್ಳ ಪ್ರಮಾಣಪತ್ರವಿರುವುದು. ಹತ್ತು ವರ್ಷ ಹಿಂದಿರುವ ಯಂತ್ರವು ಆ ಅವಧಿ ಇನ್ನೂ ಬಂದಿಲ್ಲವೆಂದು ತಿಳಿದು ಪುಟವನ್ನು ನಂಬದು. ಅರ್ಜಿಯ ಕಡೆಯ ದಿನದಲ್ಲಿ ಹೀಗಾದರೆ ಒಬ್ಬ ಹುಡುಗಿಯ ಓದಿಗೇ ತೊಂದರೆಯಾಗಬಹುದು. ಲೆಕ್ಕದ ಕಡತಗಳಿಗೂ ತಪ್ಪು ದಿನ ಬಿದ್ದು ಹೊಸದಾವುದು ಹಳೆಯದಾವುದು ತಿಳಿಯದಾಗುವುದು.

ಆದರೆ ಗಡಿಯಾರದ ತಪ್ಪೆಲ್ಲವೂ ಬ್ಯಾಟರಿಯ ತಪ್ಪಲ್ಲ. ವ್ಯತ್ಯಾಸವು ಸರಿಯಾಗಿ ಐದೂವರೆ ಗಂಟೆಯಾಗಿದ್ದರೆ ಅದು ಭಾರತೀಯ ಕಾಲಕ್ಕೂ ವಿಶ್ವಕಾಲಕ್ಕೂ ಇರುವ ಅಂತರ; ದೋಷವು ಕಾಲವಲಯದ ಏರ್ಪಾಟಿನಲ್ಲಿದೆ. ರಾತ್ರಿಯೆಲ್ಲ ತಂತಿಯನ್ನು ಕಿತ್ತಿಟ್ಟು, ಬೆಳಿಗ್ಗೆ ಅಂತರ್ಜಾಲವಿಲ್ಲದೆ ಹಚ್ಚಿದಾಗ ವೇಳೆ ಹಿಂದೆ ಬಿದ್ದಿದ್ದರೆ ಬ್ಯಾಟರಿಯೇ ಸೋತಿದೆಯೆಂದು ತಿಳಿಯಿರಿ.

ಕೊಳ್ಳುವಾಗ ಹಳೆಯ ಬ್ಯಾಟರಿಯ ಮೇಲಿನ ಗುರುತನ್ನು ನೋಡತಕ್ಕದ್ದು. ಸಾಮಾನ್ಯವಾಗಿ ಅದು ಸಿ.ಆರ್. ೨೦೩೨: ಅಡ್ಡಳತೆ ೨೦ ಮಿಲಿಮೀಟರು, ದಪ್ಪ ೩.೨ ಮಿಲಿಮೀಟರು, ಶಕ್ತಿ ೩ ವೋಲ್ಟು. ೨೦೨೫ ಎಂಬುದು ತೆಳುವಾದುದರಿಂದ ಸಡಿಲವಾಗುವುದು. ಎಲ್.ಐ.ಆರ್. ೨೦೩೨ ಎಂಬ, ಮರಳಿ ತುಂಬುವ ಜಾತಿಯದು ಹೆಚ್ಚು ವೋಲ್ಟಿನದು, ಅದನ್ನು ಹಾಕಕೂಡದು.

ಬದಲಾಯಿಸುವ ಕ್ರಮ:

೧. ಯಂತ್ರವು ಹತ್ತುವಂತಿದ್ದರೆ ಮೊದಲು ಏರ್ಪಾಟಿನ ಪುಟಗಳನ್ನು ಫೋನಿನಿಂದ ಚಿತ್ರ ತೆಗೆದಿಡಿರಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ ಮರುಪ್ರಾಪ್ತಿ ಸಂಖ್ಯೆಯನ್ನು ಬರೆದಿಟ್ಟುಕೊಂಡೇ ಮುಂದುವರಿಯಿರಿ. ಏರ್ಪಾಟು ಬದಲಾದರೆ ಯಂತ್ರವು ಅದನ್ನು ಕೇಳಬಹುದು.

೨. ಯಂತ್ರವನ್ನು ಕ್ರಮವಾಗಿ ಆರಿಸಿ, ವಿದ್ಯುತ್ತಿನ ತಂತಿಯನ್ನು ಕಿತ್ತುಬಿಡಿರಿ. ಅನಂತರ ಹಚ್ಚುವ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಉಳಿದ ವಿದ್ಯುತ್ತು ಖರ್ಚಾಗುವುದು.

೩. ಪಕ್ಕದ ಹಲಗೆಯ ತಿರುಪುಗಳನ್ನು ಬಿಚ್ಚಿ ತೆಗೆಯಿರಿ. ಒಳಗೆ ಕೈಹಾಕುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿರಿ. ಮೈಮೇಲಿನ ಸ್ಥಿರವಿದ್ಯುತ್ತು ಅದರಿಂದ ಇಳಿಯುವುದು. ವಿದ್ಯುತ್ತನ್ನು ಹಂಚುವ ಮುಚ್ಚಿದ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ತೆರೆಯಕೂಡದು.

೪. ಮದರ್‌ಬೋರ್ಡ್ ಎಂಬ ದೊಡ್ಡ ಫಲಕದ ಮೇಲೆ ಬೆಳ್ಳಿಯ ನಾಣ್ಯದಂತೆ ಹೊಳೆಯುವುದೇ ಬ್ಯಾಟರಿ. ಅದರ ಯಾವ ಮುಖ ಮೇಲಿದೆಯೆಂದು ನೋಡಿಟ್ಟುಕೊಳ್ಳಿರಿ. ಸಾಮಾನ್ಯವಾಗಿ ಅಧಿಕ ಚಿಹ್ನೆಯುಳ್ಳ ಮುಖ ಮೇಲಿರುವುದು. ಅಂಚಿನ ಸಣ್ಣ ಕೊಂಡಿಯನ್ನು ಉಗುರಿನಿಂದ ಅಥವಾ ಮರದ ಕಡ್ಡಿಯಿಂದ ಹಿಂದಕ್ಕೆ ಒತ್ತಿದರೆ ಬ್ಯಾಟರಿ ತಾನೇ ಮೇಲೇಳುವುದು. ಲೋಹದ ಸಲಕರಣೆಯಿಂದ ಮೀಟಬೇಡಿರಿ. ಬೆಸುಗೆ ಹಾಕಿದ ಬ್ಯಾಟರಿಯಾದರೆ ಬಲ್ಲವರಿಗೆ ಒಪ್ಪಿಸಿರಿ.

೫. ಹೊಸದನ್ನು ಅಂಚಿನಲ್ಲಿ ಹಿಡಿದು ಅದೇ ಮುಖ ಮೇಲಾಗಿ ಕೂರಿಸಿ ಮೆಲ್ಲನೆ ಒತ್ತಿರಿ. ಹಲಗೆಯನ್ನು ಮುಚ್ಚಿ ಯಂತ್ರವನ್ನು ಹಚ್ಚಿ, ಡಿಲೀಟ್ ಅಥವಾ ಎಫ್-೨ ಗುಂಡಿಯಿಂದ ಏರ್ಪಾಟಿನ ಪುಟಕ್ಕೆ ಹೋಗಿ ತಾರೀಖನ್ನೂ ವೇಳೆಯನ್ನೂ ತಿದ್ದಿ, ಉಳಿದವನ್ನು ಚಿತ್ರಕ್ಕೆ ಹೋಲಿಸಿ, ಉಳಿಸಿ ಹೊರಬನ್ನಿರಿ.

ಇಷ್ಟಕ್ಕೆ ಪಾಠ ಮುಗಿಯಿತೆಂದು ತಿಳಿಯಬಾರದು. ಮೇಜಿನ ಮೇಲೆ ಬಿಟ್ಟ ಹಳೆಯ ಬ್ಯಾಟರಿಯು ಯಂತ್ರಕ್ಕೆ ಸೋತದ್ದಾದರೂ ಮಗುವಿಗೆ ಮಾರಕವಾಗಬಲ್ಲದು. ಹೊಳೆಯುವ ಈ ಬಿಲ್ಲೆಯನ್ನು ಎಳೆಯ ಕೂಸು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು, ಒದ್ದೆಯಾದ ಮಾಂಸದ ಮೂಲಕ ವಿದ್ಯುತ್ತು ಹರಿದು, ತೀಕ್ಷ್ಣವಾದ ಕ್ಷಾರ ಹುಟ್ಟುವುದು. ಎರಡು ಗಂಟೆಯೊಳಗೇ ನಾಳವು ಸುಟ್ಟುಹೋಗಬಹುದು. ಜೊಲ್ಲು ಸುರಿಸುವುದು, ಕೆಮ್ಮು, ಊಟ ಬೇಡವೆನ್ನುವುದು, ಇಂಥವು ಲಕ್ಷಣಗಳು. ಕೆಲವು ವೇಳೆ ಲಕ್ಷಣವೇ ಇರದು. ಸಂಶಯ ಬಂದೊಡನೆ, ವಾಂತಿ ಮಾಡಿಸದೆ, ಮಲದಲ್ಲಿ ಬೀಳಲಿ ಎಂದು ಕಾಯದೆ, ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ಮೂಗಿಗೆ, ಕಿವಿಗೆ ಸೇರಿಸಿಕೊಂಡರೂ ಅಷ್ಟೇ ಅವಸರ.

ಆದಕಾರಣ ಹಳೆಯದನ್ನು ತೆಗೆದ ಕೂಡಲೆ ಎರಡು ಮುಖಗಳಿಗೂ ಅಂಟುಪಟ್ಟಿ ಸುತ್ತಿ, ಎತ್ತರದಲ್ಲಿ ಮುಚ್ಚಳವುಳ್ಳ ಡಬ್ಬಿಯಲ್ಲಿಟ್ಟು, ವಿದ್ಯುನ್ಮಾನ ಕಸವನ್ನು ಕೊಳ್ಳುವವರಿಗೆ ಕೊಡಿರಿ. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳ ಉದ್ದೇಶವೂ ಇವು ಕಸದ ಗುಂಡಿಗೆ ಸೇರದಿರಲೆಂಬುದೇ.

ಹೆತ್ತವರಲ್ಲಿ ಒಂದು ಬಿನ್ನಹ. ಈ ಕೆಲಸಕ್ಕೆ ಬೇಕಾದುದು ಒಂದು ತಿರುಪುಳಿ, ಕಾಲು ಗಂಟೆ, ಎಚ್ಚರವಾದ ಕೈ. ಮನೆಯಲ್ಲಿ ಅಣ್ಣ ಬರಲೆಂದು ಕಾಯದೆ, ಪ್ರೌಢಶಾಲೆಯ ನಿಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಕೈಯಿಂದಲೇ ಮಾಡಿಸಿರಿ. ಬ್ಯಾಟರಿಯನ್ನು ಹಾಕುವುದರಷ್ಟೇ ಶ್ರದ್ಧೆಯಿಂದ ಹಳೆಯದನ್ನು ಸುತ್ತಿಡುವುದನ್ನೂ ಅವಳು ಕಲಿಯಲಿ.