ಕ್ರೇಡಲ್ ಇಳಿಬಿಡುವ ಮುನ್ನ ತಾರಸಿ ಮೇಲೆ ಮಾಡಬೇಕಾದ ಲೆಕ್ಕ

ಬೆಂಗಳೂರಿನ ಶೇಷಾದ್ರಿಪುರಂ 1892ರ ಬಡಾವಣೆ. ದಿವಾನ್ ಶೇಷಾದ್ರಿ ಅಯ್ಯರ್ ಹೆಸರಿನ ಈ ಬೀದಿಗಳಲ್ಲಿ ಈಗ ಹಳೇ ಮನೆಗೆ ಒತ್ತಿಕೊಂಡೇ ಅಪಾರ್ಟ್‌ಮೆಂಟ್‌ಗಳಿವೆ. ಎಷ್ಟೋ ಕಡೆ ಸಾರ್ವೆ ಕಟ್ಟಲು ನೆಲದಲ್ಲಿ ಜಾಗವೇ ಇರುವುದಿಲ್ಲ. ಆಗ ಬಣ್ಣ ಬಳಿಯುವವರು ತಾರಸಿಯಿಂದ ಕ್ರೇಡಲ್‌ನಲ್ಲಿ, ಅಂದರೆ ರೋಪಿನಲ್ಲಿ ತೂಗುವ ತೊಟ್ಟಿಲಿನಲ್ಲಿ, ಇಳಿಯುತ್ತಾರೆ. ಅಂಥ ಕೆಲಸದ ಮೇಲ್ವಿಚಾರಣೆಗೆ ಹೊಸದಾಗಿ ಬಂದವರಿಗಾಗಿ ಇದು.

ಹಂತ 1: ಭಾರ ಹಿಡಿಯುವುದು

ಕ್ರೇಡಲ್, ಇಬ್ಬರು ಆಳು, ಬಣ್ಣದ ಡಬ್ಬ ಎಲ್ಲ ಕೂಡಿಸಿ, ರೋಪ್ ಎರಡಿದೆಯೆಂದು ಅರ್ಧ ಮಾಡುವವರೇ ಹೆಚ್ಚು. ಅದು ತಪ್ಪು. ಇಬ್ಬರೂ ಒಂದೇ ತುದಿಗೆ ಬಂದರೆ ಹೆಚ್ಚಿನ ಭಾರ ಒಂದೇ ರೋಪಿಗೆ ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದು, ಮೇಲೇರುವಾಗ ಕ್ರೇಡಲ್ ಅಂಚು ಸಜ್ಜೆಯ ಅಡಿಗೆ ಸಿಕ್ಕಿಕೊಳ್ಳುವುದು. ಕ್ರೇಡಲ್ ಎತ್ತುವ ಮೋಟಾರ್ ಮಾತ್ರ ಎಳೆಯುತ್ತಲೇ ಇರುತ್ತದೆ. ಆದ್ದರಿಂದ ಪ್ರತಿ ರೋಪಿಗೂ ಮೋಟಾರಿನ ಫಲಕದಲ್ಲಿರುವ ಪೂರ್ತಿ ಸಾಮರ್ಥ್ಯವನ್ನೇ ಭಾರವೆಂದು ಹಿಡಿಯಿರಿ. ನಮ್ಮ ಉದಾಹರಣೆಯಲ್ಲಿ ಅದು 630 ಕೆ.ಜಿ.

ಹಂತ 2: ರೋಪ್

ರೋಪ್ ಹರಿಯುವ ಭಾರವನ್ನು ಹೊರುವ ಭಾರದಿಂದ ಭಾಗಿಸಿದರೆ ಸಿಗುವುದೇ ಸುರಕ್ಷತಾ ಗುಣಾಂಕ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾದ ನಿಯಮ ತೂಗುವ ರೋಪಿಗೆ ಕನಿಷ್ಠ 6 ಕೇಳುತ್ತದೆ. 5,000 ಕೆ.ಜಿ.ಗೆ ಹರಿಯುವ ವೈರ್ ರೋಪಿನ ತುದಿಗೆ ಕ್ಲಿಪ್ ಹಾಕಿದರೆ ಬಲ ಸುಮಾರು ಶೇಕಡಾ 80, ಅಂದರೆ 4,000 ಕೆ.ಜಿ. ಉಳಿಯುತ್ತದೆ. ಅದನ್ನು 630ರಿಂದ ಭಾಗಿಸಿದರೆ 6.3. ಪಾಸು, ಅಷ್ಟೇ. ತುಕ್ಕು, ಗಂಟು, ಎಳೆ ಕಿತ್ತ ರೋಪಿಗೆ ಇಲ್ಲಿ ಜಾಗವಿಲ್ಲ.

ಕ್ಲಿಪ್ಪನ್ನು ಕೈಯಿಂದ ಮುಟ್ಟಿ ನೋಡಿ. ಯು ಬೋಲ್ಟ್ ಮಡಚಿದ ಗಿಡ್ಡ ತುದಿಯ ಮೇಲೆ, ಅಗಲವಾದ ತಳ ಭಾರ ಹೊರುವ ರೋಪಿನ ಮೇಲೆ ಕೂರಬೇಕು. ಅದಲುಬದಲಾದರೆ ಯು ಬೋಲ್ಟ್ ಭಾರ ಹೊರುವ ರೋಪನ್ನೇ ಜಜ್ಜುತ್ತದೆ.

ಹಂತ 3: ಹಿಂದಿನ ತೂಕ

ರೋಪ್ ತೂಗುಹಾಕುವ ತೊಲೆ ಮುಂದಿನ ಸ್ಟ್ಯಾಂಡಿನಿಂದ 1.5 ಮೀಟರ್ ಹೊರಚಾಚಿದೆ, ಹಿಂದಕ್ಕೆ 4.5 ಮೀಟರ್ ಇದೆ ಎನ್ನೋಣ. ಓಷಾ ಪ್ರಕಾರ ಮಗುಚುವ ಬಲದ ನಾಲ್ಕು ಪಟ್ಟು ತಡೆಯಬೇಕು: 630 × 1.5 × 4 ÷ 4.5 = 840 ಕೆ.ಜಿ. ಅಂದರೆ ಪ್ರತಿ ತೊಲೆಯ ಹಿಂತುದಿಗೂ 25 ಕೆ.ಜಿ.ಯ 34 ತೂಕದ ದಿಮ್ಮಿ. ತೊಲೆಯನ್ನು ಅರ್ಧ ಮೀಟರ್ ಒಳಗೆ ಎಳೆದರೆ ಚಾಚು 1, ಹಿಂಭಾಗ 5 ಮೀಟರ್ ಆಗಿ 504 ಕೆ.ಜಿ., 21 ದಿಮ್ಮಿ ಸಾಕು. ಬೆವರು ಸುರಿಸಿ ತೂಕ ಹೊರುವ ಮೊದಲು ಚಾಚು ಕಡಿಮೆ ಮಾಡಲು ನೋಡಿ. ಮರಳು ಚೀಲ ಮಾತ್ರ ಬೇಡ. ಹರಿದರೆ ತೂಕ ಸೋರಿಹೋಗುತ್ತದೆ.

ಹಂತ 4: ತಾರಸಿ

ಇದನ್ನು ಮರೆಯುವವರೇ ಜಾಸ್ತಿ. 840ಕ್ಕೆ 630 ಸೇರಿ ಪ್ರತಿ ತೊಲೆಯಿಂದ ಸುಮಾರು ಒಂದೂವರೆ ಟನ್ ತಾರಸಿಯ ಮೇಲೆ ಬೀಳುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮುಂದಿನ ಸ್ಟ್ಯಾಂಡಿನ ಕಾಲುಗಳ ಮೇಲೆ ಕೂರುತ್ತದೆ. ಅದರಡಿ ಆರ್‌ಸಿಸಿ ಬೀಮ್ ಇರಲಿ, ಹಲಗೆ ಹಾಸಿರಲಿ. ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಸಿದ ಮದ್ರಾಸ್ ತಾರಸಿಯ ಹಳೇ ಮನೆಗೆ ಈ ಭಾರ ಹೊರಿಸಬೇಡಿ. ಅಲ್ಲಿ ಹೇಗಾದರೂ ಸಾರ್ವೆಯೇ ಆಗಬೇಕು. ಇಟ್ಟಿಗೆಯ ಪ್ಯಾರಾಪೆಟ್‌ಗೂ ನೀರಿನ ಟ್ಯಾಂಕ್ ಸ್ಟ್ಯಾಂಡಿಗೂ ಏನನ್ನೂ ಕಟ್ಟಬೇಡಿ.

ಹಂತ 5: ಜೀವದ ಹಗ್ಗ

ಒಬ್ಬೊಬ್ಬರಿಗೂ ಒಂದೊಂದು ಹಗ್ಗ, ಕ್ರೇಡಲ್ ತೊಲೆಗೆ ಸಂಬಂಧವೇ ಇಲ್ಲದ ಬೇರೆ ಆಧಾರಕ್ಕೆ. ಗೋಡೆಯ ಅಂಚಿಗೆ ಉಜ್ಜುವಲ್ಲಿ ದಪ್ಪ ರಬ್ಬರ್ ಇಡಿ.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಹಾಕಿಸಿ. ಸಹಿ ಬೀಳುವ ತನಕ ಯಾರನ್ನೂ ಕೆಳಗಿಳಿಸಬೇಡಿ.