ಯಾವ ಪಾಚಿ?

ನಾನು ಉಪ್ಪುನೀರಿನ ಅಕ್ವೇರಿಯಂ ಇಟ್ಟು ಬಹಳ ವರ್ಷಗಳಾದವು. ಅದು ತಿಳಿದವರು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: “ಪಾಚಿ ಬಂದುಬಿಟ್ಟಿದೆ ಸಾರ್, ಏನು ಹಾಕಲಿ?” ಯಾವ ಪಾಚಿ ಎಂದು ಗೊತ್ತಾಗುವ ತನಕ ಏನನ್ನೂ ಹಾಕಬೇಡಿ ಎನ್ನುತ್ತೇನೆ. ಒಂದಕ್ಕೆ ಮದ್ದಾದದ್ದು ಇಲ್ಲಿ ಇನ್ನೊಂದಕ್ಕೆ ಗೊಬ್ಬರವಾಗುತ್ತದೆ.

ಹೊಸ ಟ್ಯಾಂಕಿನ ಮರಳು, ಗಾಜಿನ ಮೇಲೆ ಮೊದಲ ವಾರಗಳಲ್ಲಿ ಕೂರುವ ತಿಳಿಗಂದು ಪುಡಿ ಡಯಾಟಮ್. ಸಿಲಿಕಾದ ಚಿಪ್ಪು ಕಟ್ಟಿಕೊಂಡು ಬದುಕುವ ಏಕಕೋಶ ಜೀವಿ ಇದು. ನೀರಿನ ಸಿಲಿಕೇಟ್ ಖರ್ಚಾದಂತೆ ತಾನೇ ಇಳಿಯುತ್ತದೆ. ಗಾಜು ಒರೆಸಿ ಸುಮ್ಮನಿದ್ದರೆ ಸಾಕು. ಕೆಂಪು-ನೇರಳೆ ಹಾಳೆಯಾಗಿ ಹಬ್ಬುವುದು ಸಯಾನೋಬ್ಯಾಕ್ಟೀರಿಯಾ. ಹೆಸರೇ ಹೇಳುವಂತೆ ಅದು ಬ್ಯಾಕ್ಟೀರಿಯಾ. ಅಂಚು ಹಿಡಿದೆತ್ತಿದರೆ ಕಾಯಿಸಿದ ಹಾಲಿನ ಕೆನೆಯಂತೆ ಇಡಿಯಾಗಿ ಬರುತ್ತದೆ. ನೀರಿನ ಓಟ ಸಾಲದೆ ಕಸ ನಿಲ್ಲುವ ಮೂಲೆಯೇ ಅದಕ್ಕೆ ಇಷ್ಟ. ನಾನು ಪೈಪಿನಲ್ಲಿ ಎಳೆದು ತೆಗೆದು, ವೇವ್‌ಮೇಕರ್ ಅನ್ನು ಆ ಮೂಲೆಗೆ ತಿರುಗಿಸುತ್ತೇನೆ. ಎರಿಥ್ರೋಮೈಸಿನ್ ಹಾಕಿದರೆ ಬೇಗ ಸಾಯುತ್ತದೆ ನಿಜ. ಆದರೆ ಒಟ್ಟಿಗೆ ಕೊಳೆಯುವಾಗ ನೀರಿನ ಆಮ್ಲಜನಕ ಕುಸಿಯುತ್ತದೆ, ಕಲ್ಲಿನಲ್ಲಿ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾಕ್ಕೂ ಏಟು ಬೀಳಬಹುದು. ಆಮೇಲೆ ಆ ಆಂಟಿಬಯೋಟಿಕ್ ನೀರನ್ನು ಚರಂಡಿಗೇ ಸುರಿಯಬೇಕು. ಅದು ನನಗೆ ಒಪ್ಪಿಗೆಯಿಲ್ಲ.

ನಿಜವಾಗಿ ಕಲಿಸಿದ್ದು ಜಯನಗರದ ಗೆಳೆಯರೊಬ್ಬರ ಟ್ಯಾಂಕ್. ಮರಳು, ಕಲ್ಲು ಎಲ್ಲದರ ಮೇಲೂ ಕಂದು ಲೋಳೆಯ ಎಳೆಗಳು, ಎಳೆಯ ತುದಿಯಲ್ಲಿ ಗಾಳಿಗುಳ್ಳೆ. ರಾತ್ರಿ ಅರ್ಧ ಮಾಯವಾಗಿ ಮಧ್ಯಾಹ್ನದ ಹೊತ್ತಿಗೆ ಮತ್ತೆ ಮೊದಲಿನಷ್ಟೇ. ಬಸವನಹುಳುಗಳು ಮಗುಚಿ ಬಿದ್ದು ಸಾಯುತ್ತಿದ್ದವು. ನೀರು ಪರೀಕ್ಷಿಸಿದರೆ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಮೀನಿಗೆ ಊಟ ಕಡಿಮೆ ಮಾಡಿದಷ್ಟೂ, ನೀರು ಬದಲಿಸಿದಷ್ಟೂ ಲೋಳೆ ಹೆಚ್ಚಾಗುತ್ತಿತ್ತು.

ಲೋಳೆಯನ್ನು ಟ್ಯಾಂಕಿನ ನೀರಿನೊಂದಿಗೆ ಬಾಟಲಿಗೆ ಹಾಕಿ ಜೋರಾಗಿ ಕುಲುಕಿದೆವು. ಕಾಗದದಲ್ಲಿ ಸೋಸಿ, ಕೆಳಗಿಳಿದ ನೀರನ್ನು ಬೆಳಕಿನಲ್ಲಿ ಒಂದು ಗಂಟೆ ಇಟ್ಟೆವು. ಡಯಾಟಮ್ ಆಗಿದ್ದರೆ ಹಾಗೇ ಇರಬೇಕಿತ್ತು. ಇಲ್ಲಿ ಎಳೆಗಳು ಮತ್ತೆ ಒಂದುಗೂಡಿದವು. ಡೈನೋಫ್ಲಾಜೆಲೇಟ್! ಮೈಕ್ರೋಸ್ಕೋಪಿನಡಿ ಒಂದು ತುದಿ ಚೂಪಾದ ಕೋಶಗಳು ನಿಂತಲ್ಲೇ ಗಿರಗಿರನೆ ತಿರುಗುತ್ತಿದ್ದವು. ಡೈನೋಫ್ಲಾಜೆಲೇಟ್‌ಗಳಲ್ಲಿ ಆಸ್ಟ್ರಿಯಾಪ್ಸಿಸ್ ಹಾಗೆ ತಿರುಗುತ್ತದೆ.

ಇದನ್ನು ಕೈಗವಸು ಇಲ್ಲದೆ ಮುಟ್ಟಬಾರದು. 2005ರ ಬೇಸಿಗೆಯಲ್ಲಿ ಇಟಲಿಯ ಜಿನೋವಾ ಕಡಲತೀರದಲ್ಲಿ ಇದೇ ಕುಲದ ಜೀವಿ ಉಕ್ಕಿ ಬೆಳೆದು, ಅಲೆಯ ತುಂತುರಿನ ಗಾಳಿ ಸೇವಿಸಿದ ಸುಮಾರು 200 ಜನ ಜ್ವರ, ಕೆಮ್ಮು, ಉಬ್ಬಸದಿಂದ ಆಸ್ಪತ್ರೆಗೆ ಹೋಗಬೇಕಾಯಿತು.

ನೀರಿನಲ್ಲಿ ಪೋಷಕಾಂಶ ತೀರಾ ಬತ್ತಿದಾಗ ಇದರೊಡನೆ ಪೈಪೋಟಿ ಮಾಡುವ ಸಾಧು ಪಾಚಿ, ಬ್ಯಾಕ್ಟೀರಿಯಾಗಳು ಸೊರಗುತ್ತವೆ. ಖಾಲಿ ಬಿದ್ದ ಜಾಗ ಇದರ ಪಾಲಾಗುತ್ತದೆ. ಹಾಗಾಗಿ ಫಾಸ್ಫೇಟ್ ಹೀರುವ ಪುಡಿಯನ್ನು ತೆಗೆಸಿದೆ. ನೈಟ್ರೇಟ್, ಫಾಸ್ಫೇಟ್ ದ್ರಾವಣಗಳನ್ನು ದಿನವೂ ಹನಿಹನಿಯಾಗಿ ಹಾಕಿ ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.1ರ ಆಸುಪಾಸು ನಿಲ್ಲುವಂತೆ ನೋಡಿಕೊಳ್ಳಲು ಹೇಳಿದೆ. “ಪಾಚಿ ಓಡಿಸೋಕೆ ಗೊಬ್ಬರ ಹಾಕ್ಬೇಕಾ?” ಎಂದು ಅವರು ನಂಬದೆ ಕೇಳಿದರು. ಹೌದು, ಹಾಕಬೇಕು. ಆಸ್ಟ್ರಿಯಾಪ್ಸಿಸ್ ಕತ್ತಲಾದ ಮೇಲೆ ಮರಳು ಬಿಟ್ಟು ನೀರಿಗೆ ಏಳುತ್ತದೆ; ಆ ಹೊತ್ತಿನಲ್ಲಿ ಟ್ಯಾಂಕಿನ ನೀರನ್ನೇ ಯುವಿ ದೀಪದ ಮೂಲಕ ಹರಿಸಿದೆವು. ಗಾಜಿನ ಮೇಲೆ ತೆಳು ಹಸಿರು ಪಾಚಿ ಮೂಡಿದಾಗ ಅವರು ಗಾಬರಿಯಾದರು, ನನಗೆ ನೆಮ್ಮದಿಯಾಯಿತು. ಗೆಲ್ಲುತ್ತಿರುವುದರ ಮೊದಲ ಗುರುತು ಅದೇ. ಆಸ್ಟ್ರಿಯಾಪ್ಸಿಸ್ ಬದಲು ಅದರ ಬಂಧು ಆಂಫಿಡಿನಿಯಂ ಆಗಿದ್ದರೆ ಯುವಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಅದು ಮರಳು ಬಿಟ್ಟು ಏಳುವುದು ಕಡಿಮೆ. ಅಲ್ಲಿ ಬೇಕೆಂದೇ ಸಿಲಿಕೇಟ್ ಹಾಕಿ ಡಯಾಟಮ್ ಬೆಳೆಸಿ ಅದರ ಜಾಗ ಕಿತ್ತುಕೊಳ್ಳುವವರಿದ್ದಾರೆ. ಇನ್ನೊಂದು ಮಾತು: ಹವಳದ ಅಂಗಾಂಶದೊಳಗೆ ಕೂತು ಬೆಳಕಿನಿಂದ ಊಟ ತಯಾರಿಸಿ ಕೊಡುವ ಜೀವಿಯೂ ಡೈನೋಫ್ಲಾಜೆಲೇಟೇ. ಹೀಗಿರುವಾಗ ಆ ಗುಂಪನ್ನೇ ಕೆಟ್ಟದ್ದೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಸಿರು ಕೂದಲಿನಂಥ ಪಾಚಿಯಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಫಾಸ್ಫೇಟ್ ಇಳಿಸಬೇಕು. ಪರೀಕ್ಷೆ ಸೊನ್ನೆ ತೋರಿಸಿದರೂ ನಂಬಬಾರದು, ಕಲ್ಲಿನಿಂದ ಬಿಡುಗಡೆಯಾದದ್ದನ್ನು ಪಾಚಿ ಅಲ್ಲಲ್ಲೇ ಕುಡಿದಿರುತ್ತದೆ. ಕೈಯಿಂದ ಕಿತ್ತು, ಉಳಿದದ್ದನ್ನು ಬಸವನಹುಳುಗಳಿಗೆ ಬಿಡುತ್ತೇನೆ. ಕೀಳುವ ಮೊದಲು ಒಂದು ಎಳೆಯನ್ನು ಬಿಳಿ ತಟ್ಟೆಯ ನೀರಿನಲ್ಲಿ ಹರಡಿ ನೋಡುವುದು ರೂಢಿ. ನಡುದಂಟಿನ ಎರಡೂ ಬದಿ ಗರಿಯಂತೆ ಕವಲೊಡೆದಿದ್ದರೆ ಅದು ಬ್ರಯಾಪ್ಸಿಸ್. ಹೆಚ್ಚಿನ ಹುಳುಗಳು ಮೂಸುವುದಿಲ್ಲ, ಬೇರಿನ ಚೂರು ಉಳಿದರೆ ಮತ್ತೆ ಚಿಗುರುತ್ತದೆ. ಶಿಲೀಂಧ್ರಕ್ಕೆ ಕೊಡುವ ಫ್ಲೂಕೊನಜೋಲ್ ಇದಕ್ಕೆ ನಾಟುತ್ತದೆ. ಲೀಟರಿಗೆ ಸುಮಾರು 5 ಮಿಲಿಗ್ರಾಂ, ಫಿಲ್ಟರಿನ ಇದ್ದಿಲು ತೆಗೆದಿಟ್ಟು, ಎರಡು ವಾರ ತಾಳ್ಮೆ. ಔಷಧದಂಗಡಿಯಲ್ಲಿ ಸುಳ್ಳು ಹೇಳಿ ತರಬೇಡಿ. ನಾನು ಪಶುವೈದ್ಯರಿಂದ ಚೀಟಿ ಬರೆಸಿಕೊಂಡು ತಂದೆ.

ಇನ್ನು ನೀರು. ಬೆಂಗಳೂರಿನ ಬೋರ್‌ವೆಲ್ ನೀರು ನೇರವಾಗಿ ಆಗದು ಎಂಬುದು ಎಲ್ಲರಿಗೂ ಗೊತ್ತು. ಅಡುಗೆಮನೆಯ ಆರ್‌ಒ ನೀರನ್ನು ಮಾತ್ರ ನಂಬಿಬಿಡುತ್ತಾರೆ. ಅಂಥ ಅನೇಕ ಯಂತ್ರಗಳು ರುಚಿಗೆಂದು ಸ್ವಲ್ಪ ಮೂಲನೀರನ್ನೋ ಖನಿಜವನ್ನೋ ಮತ್ತೆ ಬೆರೆಸುತ್ತವೆ. ಸಿಲಿಕೇಟ್ ಆರ್‌ಒ ಪೊರೆಯನ್ನೂ ಅಷ್ಟಿಷ್ಟು ದಾಟುತ್ತದೆ. ಆದ್ದರಿಂದ ಬೆರಕೆಯಿಲ್ಲದ ಆರ್‌ಒ ನೀರನ್ನು ಡಿಐ ರೆಸಿನ್ ಮೂಲಕ ಹಾಯಿಸಿ, ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಉಪ್ಪು ಕಲಸುತ್ತೇನೆ. ಮೀಟರ್ 1 ತೋರಿಸಿದ ದಿನವೇ ರೆಸಿನ್ ಬದಲಿಸುತ್ತೇನೆ. ಆರ್‌ಒ ಹೊರಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟರೆ ನೆಲ ಒರೆಸುವುದಕ್ಕೆ, ಬಚ್ಚಲು ತೊಳೆಯುವುದಕ್ಕೆ ಬೇಕಾದಷ್ಟಾಗುತ್ತದೆ.